ಕಡಿಮೆ ಸೈನ್ಯ, ದೊಡ್ಡ ಶತ್ರು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ‘ಮಿಡೀವಲ್ 2: ಟೋಟಲ್ ವಾರ್’ ಎಂಬ ಮಧ್ಯಯುಗದ ಯುದ್ಧಗಳ ಕಂಪ್ಯೂಟರ್ ಆಟದಲ್ಲಿ ನನ್ನ 8 ತುಕಡಿಗಳ ಮೇಲೆ 16 ತುಕಡಿಗಳು ಏರಿಬಂದವು. ಗುಡ್ಡದ ಮೇಲೆ ಎಲ್ಲರನ್ನೂ ಒಂದೇ ಉದ್ದ ಸಾಲಿನಲ್ಲಿ ನಿಲ್ಲಿಸಿದರೂ ಸೋತೆ. ತಪ್ಪಿದ್ದೆಲ್ಲಿ?

ಉತ್ತರ: ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಪ್ರತಿ ಪತ್ರದಲ್ಲೂ ತುಕಡಿಗಳ ಪಟ್ಟಿ ಇರುತ್ತದೆ. ಕುದುರೆ ಸವಾರರು ಎಲ್ಲಿದ್ದರು, ಯಾವ ಗಳಿಗೆಯಲ್ಲಿ ನುಗ್ಗಿದರು ಎಂಬುದನ್ನು ಮಾತ್ರ ಯಾರೂ ಬರೆಯುವುದಿಲ್ಲ. ಗೆಲುವು ನಿಂತಿರುವುದು ಅದರ ಮೇಲೆಯೇ.

ನೀವು 16 ತುಕಡಿಗಳನ್ನು ಕೊಲ್ಲಬೇಕಾಗಿಲ್ಲ, ಓಡಿಸಬೇಕು. ಈ ಆಟದಲ್ಲಿ ಪ್ರತಿ ತುಕಡಿಗೂ ಮನೋಬಲವಿದೆ. ಬದಿಯಿಂದಲೋ ಬೆನ್ನಿನಿಂದಲೋ ಪೆಟ್ಟು ಬಿದ್ದಾಗ, ಸೇನಾಪತಿ ಸತ್ತಾಗ, ಪಕ್ಕದವರು ಓಡತೊಡಗಿದಾಗ ಅದು ಕುಸಿಯುತ್ತದೆ. ಆದ್ದರಿಂದ ಸರಿಯಾದ ಜಾಗದಲ್ಲಿ ಮೂರು ನಾಲ್ಕು ತುಕಡಿಗಳು ಮುರಿದರೆ ಉಳಿದವೂ ಅಲುಗಾಡುತ್ತವೆ.

ಉದ್ದನೆಯ ತೆಳು ಸಾಲು ಇದಕ್ಕೆ ಆಸ್ಪದವನ್ನೇ ಕೊಡುವುದಿಲ್ಲ, ಏಕೆಂದರೆ ಎಲ್ಲರೂ ಎದುರಿನವರೊಂದಿಗೆ ಸಿಕ್ಕಿಹಾಕಿಕೊಂಡಿರುವಾಗ ಬಳಸಿ ಹೋಗಿ ಹೊಡೆಯಲು ಯಾರೂ ಉಳಿದಿರುವುದಿಲ್ಲ. ಈಟಿಗಾರರ ಸಾಲನ್ನು ಚಿಕ್ಕದಾಗಿಯೂ ದಪ್ಪವಾಗಿಯೂ ಇಡಿ. ಕನಿಷ್ಠ ಎರಡು ಅಶ್ವದಳಗಳನ್ನು ಬದಿಯ ಮರಗಳ ಮರೆಯಲ್ಲಿ ತಡೆದಿಡಿ. ಶತ್ರುವಿನ ಕಾಲಾಳುಗಳು ನಿಮ್ಮ ಈಟಿಗಾರರೊಂದಿಗೆ ಪೂರ್ತಿಯಾಗಿ ಕಾದಾಟಕ್ಕೆ ತೊಡಗುವವರೆಗೆ ಸವಾರರು ಕದಲಕೂಡದು. ಬಳಿಕ ಸುತ್ತಿಬಳಸಿ, ಕುದುರೆಗಳು ವೇಗ ಪಡೆದು ಭರ್ಜಿಗಳು ಕೆಳಗಿಳಿಯುವಷ್ಟು ದೂರದಿಂದ, ಸಾಲಿನ ಕೊನೆಯ ತುಕಡಿಯ ಬೆನ್ನಿಗೆ ಅಪ್ಪಳಿಸಿ. ಅದು ಓಡಿದೊಡನೆ ಅದರ ಪಕ್ಕದ ತುಕಡಿಯ ಬದಿ ತೆರೆದುಕೊಳ್ಳುತ್ತದೆ.

ಹೆಚ್ಚಿನವರು ಕೆಡಿಸುವುದು ಇದರ ನಂತರ. ಸವಾರರ ಬಲವಿರುವುದು ನುಗ್ಗುವ ಕ್ಷಣದಲ್ಲಿ. ನಿಂತ ಜಾಗದಲ್ಲಿ ಕಾದಾಡಲು ಬಿಟ್ಟರೆ ಅವರು ಸುಮ್ಮನೆ ಸವೆಯುತ್ತಾರೆ. ಹಿಂದಕ್ಕೆ ಕರೆದು, ಸಾಲುಗೂಡಿಸಿ, ಮತ್ತೆ ಕಳಿಸಿ. ಶತ್ರು ಸೇನಾಪತಿ ಅನೇಕ ಬಾರಿ ತಾನೇ ಮುಂದಾಗಿ ನುಗ್ಗುತ್ತಾನೆ; ಅವನನ್ನು ಈಟಿಗಳ ಮೇಲೆಯೇ ಬರಮಾಡಿಕೊಳ್ಳಿ. ನಿಮ್ಮ ಸೇನಾಪತಿಯನ್ನು ಮಾತ್ರ ಹಾಗೆ ಕಳಿಸಬೇಡಿ: ಗೆದ್ದಂತೆ ಕಂಡಾಗಲೂ ನಾನು ಕಳಿಸುವುದಿಲ್ಲ. ಓಡಿದವರು ಚೇತರಿಸಿಕೊಂಡು ಮರಳಬಹುದಾದ್ದರಿಂದ ಒಂದು ಹಗುರ ಅಶ್ವದಳ ಬೆನ್ನಟ್ಟಲಿ, ಇಡೀ ಸೈನ್ಯವಲ್ಲ.

ಇನ್ನು, 1415ರ ಅಜಿನ್‌ಕೋರ್ಟ್ ಕದನವನ್ನು ಇಂಗ್ಲಿಷ್ ಬಿಲ್ಲುಗಳೊಂದೇ ಗೆದ್ದವೆಂದು ಹೇಳಿ ಬರಿಯ ಬಿಲ್ಲುಗಾರರ ಸೈನ್ಯ ಕಟ್ಟಲು ಬೋಧಿಸುವ ವಿಡಿಯೊಗಳನ್ನು ದಯವಿಟ್ಟು ನಂಬಬೇಡಿ. ಎರಡೂ ಬದಿಯ ಕಾಡು ಫ್ರೆಂಚರನ್ನು ಇಕ್ಕಟ್ಟಿಗೆ ಒತ್ತಿತು, ಉತ್ತ ಹೊಲದ ಕೆಸರು ಅವರ ಕಾಲು ಹಿಡಿಯಿತು, ನೆಟ್ಟ ಗೂಟಗಳು ಕುದುರೆಗಳನ್ನು ತಡೆದವು. ಬಾಣಗಳು ಫಲ ಕೊಟ್ಟದ್ದು ಇವೆಲ್ಲದರ ಜೊತೆಗೂಡಿ. ಆಟದಲ್ಲೂ ಗೂಟ ನೆಡಬಲ್ಲ ಬಿಲ್ಲುಗಾರರಿದ್ದಾರೆ, ಆದರೆ ಯುದ್ಧ ಆರಂಭವಾಗುವ ಮುನ್ನ, ಪಡೆ ನಿಲ್ಲಿಸುವ ಹಂತದಲ್ಲೇ ನೆಡಬೇಕು.

ಪ್ರಶ್ನೆ: ಈಟಿಗಾರರನ್ನು ವೃತ್ತಾಕಾರದಲ್ಲಿ ನಿಲ್ಲಿಸಿದರೆ ಸೋಲಿಲ್ಲವಂತೆ, ನಿಜವೇ?

ಉತ್ತರ: ಸುಳ್ಳು. 1298ರಲ್ಲಿ ಸ್ಕಾಟ್ಲೆಂಡಿನ ಫಾಲ್ಕರ್ಕ್‌ನಲ್ಲಿ ಇಂಗ್ಲಿಷರ ಎದುರು ಸ್ಕಾಟಿಷ್ ನಾಯಕ ವಿಲಿಯಂ ವಾಲೇಸನ ಈಟಿಗಾರರು ಹಾಗೆಯೇ ನಿಂತಿದ್ದರು. ಬಾಣಗಳ ಮಳೆಯಲ್ಲಿ ಆ ವೃತ್ತಗಳು ಬಿರುಕುಬಿಟ್ಟವು, ಆ ಬಿರುಕುಗಳೊಳಗೆ ಸವಾರರು ನುಗ್ಗಿದರು.

ಪ್ರಶ್ನೆ: ಬೆಂಕಿ ಬಾಣಗಳನ್ನು ಸದಾ ಬಳಸಬೇಕೆ?

ಉತ್ತರ: ಗುರಿ ಕೆಡುತ್ತದೆ, ಆಗಲೇ ಹಿಂಜರಿಯುತ್ತಿರುವ ತುಕಡಿಯನ್ನು ಬೆದರಿಸಲು ಮಾತ್ರ ಬಳಸಿ.

ಪ್ರಶ್ನೆ: ಯಾವ ರಾಜ್ಯದ ಸೈನ್ಯ ಆರಿಸಿಕೊಂಡರೆ ಸೋಲುವುದಿಲ್ಲ?

ಉತ್ತರ: ಅಂಥದ್ದು ಯಾವುದೂ ಇಲ್ಲ.