ಐದು ವರ್ಷ ತುಂಬಿದರೆ ಮಗ ಅಪ್ಪನ ಪಾಲಾ?

ಪ್ರಶ್ನೆ: ಮೇಡಂ, ಗಂಡನಿಂದ ಬೇರೆಯಾಗಿ ಎರಡು ವರ್ಷವಾಯಿತು. ಏಳು ವರ್ಷದ ಮಗನ ಜೊತೆ ತವರಿನಲ್ಲಿದ್ದೇನೆ. ಹಿಂದೂ ವಿವಾಹ ಕಾಯ್ದೆಯಡಿ ಡೈವೋರ್ಸ್ ಕೇಸ್ ನಡೆಯುತ್ತಿದೆ. ಎರಡನೇ ಮತ್ತು ನಾಲ್ಕನೇ ಭಾನುವಾರ ಬೆಳಿಗ್ಗೆ 11ರಿಂದ ಸಂಜೆ 4ರವರೆಗೆ ಮಗನನ್ನು ಅಪ್ಪನ ಜೊತೆ ಕಳಿಸಬೇಕು ಅಂತ ಕೋರ್ಟ್ ಮಧ್ಯಂತರ ಆದೇಶ ಮಾಡಿದೆ. ಶನಿವಾರ ರಾತ್ರಿಯಿಂದಲೇ ಅವನು ಹೊಟ್ಟೆನೋವು ಅಂತ ಅಳುತ್ತಾನೆ. ಕೋರ್ಟ್ ಹೇಳಿದ ಜೀವನಾಂಶವನ್ನು ಅವರು ಐದು ತಿಂಗಳಿಂದ ಕೊಟ್ಟಿಲ್ಲ. ಅತ್ತೆ ಮನೆಯವರು ‘ಐದು ವರ್ಷ ತುಂಬಿತು, ಇನ್ನು ಮಗ ನಮ್ಮವನು’ ಅಂತಾರೆ. ಈಗ ಬೇಸಿಗೆ ರಜೆಗೆ ಹದಿನೈದು ದಿನ ಬೇಕು ಅಂತ ಅರ್ಜಿ ಹಾಕಿದ್ದಾರೆ. ನಾನು ಕಳಿಸುವುದನ್ನೇ ನಿಲ್ಲಿಸಬಹುದಾ?
– ಹೆಸರು ಬೇಡ, ದಾವಣಗೆರೆ

ಉತ್ತರ: ನಿಲ್ಲಿಸಬೇಡಿ. ನಿಮ್ಮ ಸಂಕಟ ಗೊತ್ತಾಗುತ್ತದೆ. ಆದರೂ ಮೊದಲು ಇದನ್ನೇ ಹೇಳಬೇಕು.

ಐದು ವರ್ಷದ ಮಾತು ನಿಮ್ಮ ನಿದ್ದೆ ಕೆಡಿಸಿದೆ ಅನ್ನಿಸುತ್ತದೆ. 1956ರ ಹಿಂದೂ ಅಪ್ರಾಪ್ತವಯಸ್ಕರ ಪಾಲಕತ್ವದ ಕಾಯ್ದೆಯ 6ನೇ ಸೆಕ್ಷನ್‌ನಲ್ಲಿ, ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರ ಇರಬೇಕು ಅಂತಿದೆ. ಅಷ್ಟೇ. ಐದು ತುಂಬಿದ ಮರುದಿನ ಮಗುವನ್ನು ತಂದೆಗೆ ಒಪ್ಪಿಸಿ ಅಂತ ಅದರಲ್ಲಿ ಎಲ್ಲೂ ಇಲ್ಲ. ಅದೇ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಮಗುವಿನ ಹಿತವೇ ಎಲ್ಲಕ್ಕಿಂತ ಮುಖ್ಯ. ಈ ಐದು ವರ್ಷದ ಲೆಕ್ಕ ಹೇಳಿ ತಾಯಂದಿರನ್ನು ಹೆದರಿಸುವುದನ್ನು ನೋಡಿ ನೋಡಿ ನನಗೆ ಸಾಕಾಗಿದೆ. ಮಗು ಇಷ್ಟು ದಿನ ಯಾರ ಹತ್ತಿರ ಬೆಳೆಯಿತು, ಶಾಲೆ ಎಲ್ಲಿ, ಜ್ವರ ಬಂದರೆ ರಾತ್ರಿ ಯಾರು ಎದ್ದು ಕೂರುತ್ತಾರೆ, ಇಂಥದ್ದನ್ನೆಲ್ಲ ಕೋರ್ಟ್ ನೋಡುತ್ತದೆ.

ಇನ್ನು ಹೊಟ್ಟೆನೋವು. ಅದು ನಾಟಕ ಅಲ್ಲ, ಮಗುವಿಗೆ ನಿಜಕ್ಕೂ ನೋಯುತ್ತದೆ. ಒಮ್ಮೆ ಡಾಕ್ಟರಿಗೆ ತೋರಿಸಿ. ಆದರೆ ಅಪ್ಪನ ಮೇಲಿನ ಭಯಕ್ಕೇ ನೋವು ಬರುತ್ತಿದೆ ಅಂತ ಈಗಲೇ ತೀರ್ಮಾನ ಮಾಡಬೇಡಿ.

ತುಂಬಾ ಹಿಂದೆ ಒಬ್ಬ ತಾಯಿಯ ಪರ ನಾನು ವಕೀಲೆಯಾಗಿದ್ದೆ. ಮಗಳಿಗೆ ಆರು ವರ್ಷ. ಕೋರ್ಟಿನ ಮಕ್ಕಳ ಕೋಣೆಯಲ್ಲಿ ಭೇಟಿ. ಅಪ್ಪ ಶೇಂಗಾ ಚಿಕ್ಕಿಯ ಪೊಟ್ಟಣ ಚಾಚಿದರು. ಹುಡುಗಿ ಕೈ ಮುಂದೆ ಮಾಡಿದಳು. ಅರ್ಧಕ್ಕೆ ನಿಲ್ಲಿಸಿ, ಬಾಗಿಲಲ್ಲಿ ನಿಂತಿದ್ದ ಅಮ್ಮನ ಮುಖ ನೋಡಿದಳು. ಅಮ್ಮ ಏನೂ ಹೇಳಲಿಲ್ಲ, ಮುಖ ಮಾತ್ರ ಬಿಗಿದಿತ್ತು. ಹುಡುಗಿ ಕೈಯನ್ನು ಫ್ರಾಕಿಗೆ ಒರೆಸಿಕೊಂಡು ‘ಬೇಡ’ ಅಂದಳು. ‘ನೋಡಿದ್ರಾ ಮೇಡಂ, ಅವಳಿಗೆ ಅಪ್ಪನೇ ಬೇಡ’ ಅಂತ ತಾಯಿ ಹೇಳಿದಾಗ ನಾನೂ ತಲೆಯಾಡಿಸಿದೆ. ಮುಂದಿನ ಎರಡು ಭೇಟಿಗೆ ಅವರು ಮಗುವನ್ನು ಕರೆತರಲಿಲ್ಲ, ನಾನು ಸುಮ್ಮನಿದ್ದೆ. ಆಮೇಲೆ ನ್ಯಾಯಾಧೀಶರು ಹುಡುಗಿಯನ್ನು ಚೇಂಬರಿಗೆ ಕರೆದು ಮಾತಾಡಿಸಿದರು. ಅವಳು ಕೇಳಿದ ಪ್ರಶ್ನೆಯನ್ನು ಅವರೇ ನಮಗೆ ಹೇಳಿದರು: ‘ನಾನು ಚಿಕ್ಕಿ ತಗೊಂಡ್ರೆ ಅಮ್ಮ ಅಳ್ತಾಳಾ?’ ಅವತ್ತು ಸುಮ್ಮನಿದ್ದದ್ದು ನನ್ನ ತಪ್ಪು. ಅದಕ್ಕೇ ನಿಮಗೆ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಶನಿವಾರ ರಾತ್ರಿ ನಿಮ್ಮ ಮನೆಯಲ್ಲಿ ಯಾರ ಮುಖ ಹೇಗಿರುತ್ತದೆ, ಅಜ್ಜ ಅಜ್ಜಿ ಏನು ಮಾತಾಡುತ್ತಾರೆ, ಒಮ್ಮೆ ಗಮನಿಸಿ.

ಅಲ್ಲಿ ಹೊಡೆತ ಬೀಳುತ್ತಿದ್ದರೆ, ಕುಡಿದು ಗಾಡಿಯಲ್ಲಿ ಕೂರಿಸಿಕೊಂಡು ಹೋಗುತ್ತಿದ್ದರೆ ಮಾತು ಬೇರೆ. ಆಗ ಒಂದು ದಿನವೂ ಕಾಯದೆ ಕೋರ್ಟಿಗೆ ಹೋಗಿ. ಬೇರೊಬ್ಬರ ಕಣ್ಣಳತೆಯಲ್ಲೇ ಭೇಟಿ ನಡೆಯಲಿ ಅಂತ ಕೇಳಿ. ಮಗುವಿನ ಆದೇಶ ಕಲ್ಲಿನಲ್ಲಿ ಕೆತ್ತಿದ್ದಲ್ಲ. ಪರಿಸ್ಥಿತಿ ಬದಲಾದರೆ ಆದೇಶವನ್ನೂ ಬದಲಿಸಬಹುದು, ಮಕ್ಕಳು ತಂದೆತಾಯಿಯ ಸೊತ್ತಲ್ಲ ಅಂತ ಸುಪ್ರೀಂ ಕೋರ್ಟ್ 1973ರಲ್ಲೇ ಹೇಳಿದೆ. ಆದರೆ ಬದಲಿಸಬೇಕಾದವರು ನ್ಯಾಯಾಧೀಶರು. ನೀವೇ ಕಳಿಸದೆ ಉಳಿದರೆ ಆದೇಶ ಮೀರಿದವರು ನೀವಾಗುತ್ತೀರಿ, ಮುಂದೆ ಕಸ್ಟಡಿ ತೀರ್ಮಾನಿಸುವಾಗ ಅದು ನಿಮಗೇ ಮುಳುವಾಗಬಹುದು. ಜೀವನಾಂಶದ ಬಾಕಿಗೂ ಭೇಟಿಗೂ ಗಂಟು ಹಾಕಬೇಡಿ. ವಸೂಲಿಗೆ ಬೇರೆಯೇ ಅರ್ಜಿ ಇದೆ, ಅದನ್ನು ತಡಮಾಡದೆ ಹಾಕಿ.

ಬೇಸಿಗೆ ರಜೆಯ ಅರ್ಜಿಗೆ ಬರೀ ‘ಕಳಿಸಲ್ಲ’ ಅಂತ ಆಕ್ಷೇಪಣೆ ಬರೆಯಬೇಡಿ. 2025ರಲ್ಲಿ ಸುಪ್ರೀಂ ಕೋರ್ಟಿಗೆ ತಿರುವನಂತಪುರದ ಒಂದು ಕೇಸ್ ಬಂದಿತ್ತು. ತಂದೆಗೆ ಸಿಂಗಾಪುರದಲ್ಲಿ ಕೆಲಸ. ಕೇರಳ ಹೈಕೋರ್ಟ್ ತಿಂಗಳಿಗೆ 15 ದಿನ ಮಕ್ಕಳನ್ನು ಅವರ ಹತ್ತಿರ ಬಿಟ್ಟಿತ್ತು. ನ್ಯಾಯಮೂರ್ತಿಗಳು ಎಂಟು ವರ್ಷದ ಮಗಳನ್ನೇ ಮಾತಾಡಿಸಿದರು. ಅಷ್ಟೂ ದಿನ ಹೋಟೆಲ್ ಊಟ, ಅಪ್ಪನನ್ನು ಬಿಟ್ಟರೆ ಬೇರೆ ಜೊತೆಯೇ ಇಲ್ಲ ಅಂತ ಗೊತ್ತಾಯಿತು. ಆ ವ್ಯವಸ್ಥೆ ರದ್ದಾಯಿತು. ಹಾಗಂತ ಮಗಳನ್ನು ಅಪ್ಪನಿಂದ ದೂರ ಮಾಡಲಿಲ್ಲ. ವಾರ ಬಿಟ್ಟು ವಾರ ಶನಿವಾರ, ಭಾನುವಾರ ಕೊಟ್ಟರು, ಮಂಗಳವಾರ ಮತ್ತು ಗುರುವಾರ 15 ನಿಮಿಷ ವಿಡಿಯೊ ಕಾಲ್ ಕೊಟ್ಟರು. ಇತ್ತ ನಮ್ಮ ಕರ್ನಾಟಕ ಹೈಕೋರ್ಟ್ 2013ರಲ್ಲಿ ಒಬ್ಬ ಹುಡುಗನನ್ನು ಜನವರಿಯಿಂದ ಜೂನ್‌ವರೆಗೆ ತಂದೆಯ ಹತ್ತಿರ, ಜುಲೈನಿಂದ ಡಿಸೆಂಬರ್‌ವರೆಗೆ ತಾಯಿಯ ಹತ್ತಿರ ಇರಿಸಿದ್ದೂ ಉಂಟು. ಏಳು ವರ್ಷದ ಮಗುವಿಗೆ ಅಂಥ ಅರ್ಧರ್ಧ ಹಂಚಿಕೆ ನನಗೆ ಇಷ್ಟವಿಲ್ಲ. ಆದರೆ ಒಂದೊಂದು ಮಗುವಿಗೆ ಒಂದೊಂದು ದಾರಿ ಅಂತ ಕೋರ್ಟ್ ಹುಡುಕುತ್ತದೆ ಅನ್ನುವುದು ನಿಮಗೆ ಗೊತ್ತಿರಲಿ.

ಹಾಗಾಗಿ ಆಕ್ಷೇಪಣೆಯಲ್ಲಿ ಇಂಥದ್ದನ್ನು ಬರೆಸಿ. ಇದುವರೆಗೆ ಮಗ ಒಂದು ರಾತ್ರಿಯೂ ಅಲ್ಲಿ ಮಲಗಿಲ್ಲ ಅಲ್ವಾ? ಮೊದಲು ಒಂದು ರಾತ್ರಿ ಇರಲಿ, ಆಮೇಲೆ ಎರಡು ಮೂರು ದಿನ, ಅದು ಸರಿಹೋದರೆ ಒಂದು ವಾರ. ಅಪ್ಪ ಕೆಲಸಕ್ಕೆ ಹೋದಾಗ ಮನೆಯಲ್ಲಿ ಯಾರಿರುತ್ತಾರೆ, ಅಡುಗೆ ಯಾರದು ಅಂತ ಕೇಳಿ. ಅಲ್ಲಿದ್ದಷ್ಟು ದಿನವೂ ಸಂಜೆ ನಿಮ್ಮ ಜೊತೆ ಫೋನಿನಲ್ಲಿ ಮಾತಾಡಿಸಬೇಕು ಅನ್ನುವುದನ್ನೂ ಸೇರಿಸಿ. ಮಗು ಹತ್ತಿರ ಇಲ್ಲದ ತಾಯಿಗಾಗಲಿ ತಂದೆಗಾಗಲಿ ದಿನಕ್ಕೆ 5ರಿಂದ 10 ನಿಮಿಷ ಮಾತಾಡುವ ಹಕ್ಕಿದೆ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಮಗ ನಿಮ್ಮ ಹತ್ತಿರ ಇರುವಾಗ ಅಪ್ಪನಿಗೂ ಅದೇ ಹಕ್ಕು. ಅವರು ಕೇಳುವ ಮೊದಲೇ ನೀವು ಒಪ್ಪಿಕೊಂಡರೆ ಒಳ್ಳೆಯದು.

ಆಕ್ಷೇಪಣೆ ಸಲ್ಲಿಸಲು ಕೋರ್ಟ್ ಯಾವ ತಾರೀಕು ಕೊಟ್ಟಿದೆ ಅಂತ ನೀವು ಬರೆದಿಲ್ಲ. ನಿಮ್ಮ ವಕೀಲರಿಗೆ ನಾಳೆಯೇ ಫೋನ್ ಮಾಡಿ ಕೇಳಿ.