ಮಂಗಳೂರಿನ ಬ್ಯಾಂಕಿನಲ್ಲಿ ಮನೆ ಸಾಲ: ಯಾವ ತೆರಿಗೆ ಕಾಗದ, ಯಾಕೆ?

ಬೆಂಗಳೂರಿನಿಂದ ಮಂಗಳೂರಿಗೆ ಬಂದಿದ್ದೀರಿ, ಮನೆ ಸಾಲಕ್ಕೆ ಹೋದರೆ ‘ಟ್ಯಾಕ್ಸ್ ಪೇಪರ್ ಎಲ್ಲ ತನ್ನಿ’ ಅಂದರು, ಫಾರ್ಮ್ 16 (ಸಂಬಳ, ಅದರಲ್ಲಿ ಹಿಡಿದ ತೆರಿಗೆ ತೋರಿಸುವ ಕಂಪನಿಯ ಪತ್ರ) ಕೊಟ್ಟರೂ ಸಾಲದು ಅಂದರು ಅಂತ ಕೇಳಿದ್ದೀರಿ. ಕೇರಳ ಗಡಿಯ ತಲಪಾಡಿ ಬದಿಯವನಾಗಿ ನನಗೆ ಗೊತ್ತಿರುವಷ್ಟು ಹೇಳುತ್ತೇನೆ.

ಮೊದಲು ಇಲ್ಲಿನ ಮನೆಗಳ ಲೆಕ್ಕ ಅರ್ಥವಾಗಬೇಕು. ಅಪ್ಪನಿಗೆ ಅಡಿಕೆ ತೋಟ, ಅಮ್ಮ ಬೀಡಿ ಕಟ್ಟುತ್ತಾರೆ, ಅಣ್ಣ ದುಬೈಯಲ್ಲಿ, ಸೊಸೈಟಿಯಲ್ಲಿ ಒಂದಿಷ್ಟು ಠೇವಣಿ. ಹಣ ಉಂಟು, ಕಾಗದ ಇಲ್ಲ. ಕೆನರಾ, ಸಿಂಡಿಕೇಟ್, ವಿಜಯಾ, ಕರ್ಣಾಟಕ, ಕಾರ್ಪೊರೇಶನ್ ಬ್ಯಾಂಕುಗಳು ಹುಟ್ಟಿದ ಜಿಲ್ಲೆಗಳು ಮಾರಾಯ್ರೆ, ಆದರೂ ಸಾಲದ ಮೇಜಿನ ಎದುರು ಕೂತಾಗ ನಮಗೇ ಗಲಿಬಿಲಿ. ದಿನಾ ಇಂಥವರನ್ನು ನೋಡುವ ಬ್ಯಾಂಕಿನವರು ಸಂಬಳದವರ ಹತ್ತಿರವೂ ಜಾಸ್ತಿಯೇ ಕೇಳುತ್ತಾರೆ.

ನಿಮ್ಮ ವಿಷಯ ಸಲೀಸು. ಫಾರ್ಮ್ 16 ಕಂಪನಿ ಕೊಟ್ಟದ್ದು. ಬ್ಯಾಂಕಿಗೆ ಬೇಕಾದದ್ದು ನೀವೇ ಸಲ್ಲಿಸಿದ ಐಟಿಆರ್, ಅಂದರೆ ಆದಾಯ ತೆರಿಗೆ ರಿಟರ್ನ್, ಸಾಮಾನ್ಯವಾಗಿ ಎರಡು ಮೂರು ವರ್ಷದ್ದು, ಜತೆಗೆ ಆದಾಯ, ತೆರಿಗೆಯ ಲೆಕ್ಕ ಹಾಕಿದ ಕಂಪ್ಯುಟೇಶನ್ ಹಾಳೆ. ವರ್ಷದ ವಿಷಯದಲ್ಲಿ ಎಲ್ಲರೂ ಎಡವುತ್ತಾರೆ. 2024-25ರಲ್ಲಿ ದುಡಿದದ್ದರ ರಿಟರ್ನ್ ಮೇಲೆ ಅಸೆಸ್‌ಮೆಂಟ್ ವರ್ಷ (ತೆರಿಗೆ ಲೆಕ್ಕ ಹಾಕುವ ಮುಂದಿನ ವರ್ಷ) 2025-26 ಅಂತ ಇರುತ್ತದೆ. ಒಂದು ವರ್ಷದ್ದು ಕಾಣೆಯಾಗಿದೆ ಅಂತ ಹುಡುಕಬೇಡಿ. 2026ರ ಏಪ್ರಿಲ್ 1ರಿಂದ ಹೊಸ ಕಾಯ್ದೆಯಲ್ಲಿ ದುಡಿದ ವರ್ಷ, ಅಸೆಸ್‌ಮೆಂಟ್ ವರ್ಷ ಎರಡನ್ನೂ ಬಿಟ್ಟು ‘ತೆರಿಗೆ ವರ್ಷ’ ಒಂದೇ ಮಾಡಿದ್ದಾರೆ, ಹಳೆಯ ಕಾಗದಗಳಲ್ಲಿ ಮಾತ್ರ ಹಳೆಯ ಲೆಕ್ಕವೇ.

ಇನ್ನೊಂದು, ರಿಟರ್ನ್ ಸಲ್ಲಿಸಿದ ಮೇಲೆ ಸಿಗುವ ಹಾಳೆಯ ನೆತ್ತಿ ನೋಡಿ. ‘ವೆರಿಫಿಕೇಶನ್ ಫಾರ್ಮ್’ ಎಂದಿದ್ದರೆ ರಿಟರ್ನ್ ಹಾಕಿದ್ದೀರಿ, ಆದರೆ ಖಾತರಿ ಮಾಡಿಲ್ಲ. ಆಧಾರ್ ಒಟಿಪಿ ಕೊಟ್ಟರೆ ಮುಗಿಯುವ ಕೆಲಸ, ಅದಕ್ಕೆ 30 ದಿನದ ಗಡುವು. ‘ಅಕ್ನಾಲೆಜ್‌ಮೆಂಟ್’ ಎಂದಿದ್ದರೆ ಸರಿ. ಆಮೇಲೆ ಎಐಎಸ್ (ನಿಮ್ಮ ಆದಾಯದ ಬಗ್ಗೆ ತೆರಿಗೆ ಇಲಾಖೆಗೆ ಬಂದಿರುವ ಮಾಹಿತಿಯ ಪಟ್ಟಿ) ಒಮ್ಮೆ ತೆರೆದು ನೋಡಿ. ಮರೆತುಹೋದ ಠೇವಣಿಯ ಬಡ್ಡಿಯೂ ಅಲ್ಲಿ ಕಾಣಬಹುದು. ರಿಟರ್ನ್‌ನಲ್ಲಿ ಅದು ಇಲ್ಲದಿದ್ದರೆ ಪ್ರಶ್ನೆ ಬರುತ್ತದೆ.

ನಿಜವಾದ ತಲೆಬಿಸಿ ಅಡಿಕೆಯವರದ್ದು. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಹಾಗಾಗಿ ಎಷ್ಟೋ ಮಂದಿ ರಿಟರ್ನ್ ಹಾಕುವುದೇ ಇಲ್ಲ. ಸಾಲ ಬೇಕಾದಾಗ ಆಡಿಟರ್ ಹತ್ತಿರ ಓಡುತ್ತಾರೆ. ಸಂಬಳದ ಜತೆ 5,000 ರೂಪಾಯಿಗಿಂತ ಹೆಚ್ಚು ಕೃಷಿ ಆದಾಯ ಇದ್ದರೆ ಐಟಿಆರ್-1 ಸಲ್ಲುವುದಿಲ್ಲ, ಐಟಿಆರ್-2 ಹಾಕಬೇಕು. ತೆರಿಗೆ ಇಲ್ಲದಿದ್ದರೂ ತೋರಿಸಲೇಬೇಕು. ಕೃಷಿ ಆದಾಯ 5 ಲಕ್ಷ ದಾಟಿದರೆ ಜಾಗ ಯಾವ ಜಿಲ್ಲೆಯಲ್ಲಿ, ಎಷ್ಟು, ನೀರಾವರಿಯೋ ಮಳೆಯಾಶ್ರಿತವೋ ಅಂತಲೂ ಕೇಳುತ್ತದೆ. ಇಲ್ಲಿ ಬ್ಯಾಂಕಿನವರು ಆರ್‌ಟಿಸಿ (ಪಹಣಿ) ತೆಗೆದು ಪಕ್ಕದಲ್ಲಿಟ್ಟು ನೋಡುತ್ತಾರೆ. ಆರ್‌ಟಿಸಿಯಲ್ಲಿ ಅಜ್ಜಿ, ಮಾವಂದಿರು, ಚಿಕ್ಕಮ್ಮ ಅಂತ ಏಳೆಂಟು ಹೆಸರು ಜಂಟಿ ಇದ್ದು, ಅಡಿಕೆ ಆದಾಯ ಪೂರ್ತಿ ಒಬ್ಬನ ರಿಟರ್ನ್‌ನಲ್ಲಿ ಇದ್ದರೆ ಹೇಗೆ ನಂಬುವುದು ಹೇಳಿ? ಅಡಿಕೆ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೋದಂಥ ಕಡೆ ತನ್ನ ಹೆಸರಲ್ಲಿ ಅಡಿಕೆ ಕೊಟ್ಟು, ಹಣ ಖಾತೆಗೆ ತೆಗೆದುಕೊಂಡವನ ಬಿಲ್ ಇಂಥ ಹೊತ್ತಿಗೆ ಬಲ ಕೊಡುತ್ತದೆ. ಅಂಗಡಿಯಲ್ಲಿ ರೊಕ್ಕಕ್ಕೆ ಮಾರಿದ್ದರೆ ಸುಮ್ನೆ ಬಾಯಿಮಾತು.

ದುಬೈ ಅಣ್ಣ ಅಪ್ಪನ ಖಾತೆಗೆ ಕಳಿಸುವ ಹಣವೂ ಅಪ್ಪನ ಆದಾಯ ಅಂತ ಲೆಕ್ಕಕ್ಕೆ ಬರುವುದಿಲ್ಲ. ಅಣ್ಣನೇ ಜತೆಯಲ್ಲಿ ಅರ್ಜಿ ಹಾಕಬೇಕು. ಅವನ ಸಂಬಳದ ಪತ್ರ, ಎನ್‌ಆರ್‌ಇ ಖಾತೆಯ (ವಿದೇಶದಲ್ಲಿರುವವರ ಬ್ಯಾಂಕ್ ಖಾತೆ) ಸ್ಟೇಟ್‌ಮೆಂಟ್ ತರಿಸಬೇಕು.

ಇನ್ನು ಜಾಗದ ತೆರಿಗೆ. ಇದು ಬೇರೆಯೇ ಕಟ್ಟು. ಕಾರ್ಪೊರೇಶನ್ ವ್ಯಾಪ್ತಿಯಲ್ಲಾದರೆ ಖಾತೆ ಮತ್ತು ಮನೆ ತೆರಿಗೆಯ ರಶೀದಿ. ಪಂಚಾಯತ್ ವ್ಯಾಪ್ತಿಯಲ್ಲಾದರೆ ‘ನೈನ್ ಇಲೆವೆನ್’ ಅಂತ ಕೇಳುತ್ತಾರೆ, ಗಾಬರಿಯಾಗಬೇಡಿ, ಪಂಚಾಯತ್ ಕೊಡುವ ಜಾಗದ ದಾಖಲೆ, ನಮೂನೆ 9 ಮತ್ತು 11. ಹಳ್ಳಿಯ ಜಾಗಕ್ಕೆ ತೀರ್ವೆ (ಭೂಕಂದಾಯ) ರಶೀದಿಯೂ ಬೇಕಾಗಬಹುದು. ಆದರೆ ತೆರಿಗೆ ಕಟ್ಟಿದ ರಶೀದಿ ಇದ್ದ ಮಾತ್ರಕ್ಕೆ ಜಾಗದ ಕಾಗದ ಸರಿ ಉಂಟು ಅಂತಲ್ಲ. ಕೃಷಿಯಿಂದ ವಾಸಕ್ಕೆ ಭೂಪರಿವರ್ತನೆ ಆಗದ ಜಾಗದ ಮನೆಗೂ ತೆರಿಗೆ ವಸೂಲಿ ನಡೆಯುತ್ತದೆ. ಮಾರುವವರು ಹತ್ತು ವರ್ಷದ ರಶೀದಿ ಕಟ್ಟು ಕಟ್ಟಿ ಕೊಟ್ಟರೂ ವಕೀಲರಿಗೆ ತೋರಿಸದೆ ಮುಂಗಡ ಕೊಡಬೇಡಿ.

ಹೆಸರು ಕೂಡ ನೋಡಿಕೊಳ್ಳಿ. ಇಲ್ಲಿಯವರ ಪ್ಯಾನ್‌ನಲ್ಲಿ ಇನಿಶಿಯಲ್ ಬಿಡಿಸಿ ಬರೆದಿರುತ್ತದೆ, ಆರ್‌ಟಿಸಿಯಲ್ಲಿ ಮನೆ ಹೆಸರು ಸೇರಿರುತ್ತದೆ. ಇಬ್ಬರೂ ಒಬ್ಬರೇ ಅಂತ ಅಫಿಡವಿಟ್ ಮಾಡಿಸಲು ಹೇಳುತ್ತಾರೆ. ಮಾರುವವರಿಗೆ ಮೊದಲೇ ತಿಳಿಸಿದರೆ ವಾರ ಉಳಿಯುತ್ತದೆ.

ಕಾಸರಗೋಡು ಬದಿಯಲ್ಲಿ ಕಡಿಮೆಗೆ ಸಿಕ್ಕಿತು ಅಂತ ಜಾಗ ನೋಡುತ್ತಿದ್ದರೆ, ತಲಪಾಡಿ ದಾಟಿದೊಡನೆ ಆರ್‌ಟಿಸಿ ಇಲ್ಲ, ನೈನ್ ಇಲೆವೆನ್ ಇಲ್ಲ. 1956ರಿಂದ ಅದು ಕೇರಳ. ವಿಲೇಜ್ ಆಫೀಸಿನ ಭೂತೆರಿಗೆ ರಶೀದಿ, ಪೊಸೆಶನ್ ಸರ್ಟಿಫಿಕೇಟ್ (ಸ್ವಾಧೀನ ಪತ್ರ) ಬೇಕು, ಹೆಚ್ಚಿನವು ಮಲಯಾಳದಲ್ಲಿ. ಐಟಿಆರ್ ಮಾತ್ರ ಎರಡೂ ಕಡೆ ಅದೇ. ನಿಮ್ಮ ಮಂಗಳೂರಿನ ಶಾಖೆ ಆ ಕಡೆಯ ಜಾಗಕ್ಕೆ ಸಾಲ ಕೊಡುತ್ತದೆಯೇ ಅಂತ ಅರ್ಜಿಗಿಂತ ಮೊದಲು ಕೇಳಿ.