ತಂದೆ ತೀರಿಕೊಂಡರೂ ಅವರ ಎಕ್ಸ್ ಉಳಿದಿದೆ

ಓದುಗರ ಪತ್ರ: ತಾಯಂದಿರು ಬೇರೆ, ತಂದೆ ಒಬ್ಬರೇ ಎನ್ನುವ ಇಬ್ಬರು ಹೆಣ್ಣುಮಕ್ಕಳು. ತಂದೆ ಈಗಿಲ್ಲ. ಸಾಮಾನ್ಯ ಡಿಎನ್‌ಎ ಪರೀಕ್ಷೆ ‘ಹೇಳಲಾಗದು’ ಎಂದಿತು. ಎಕ್ಸ್ ಕ್ರೋಮೋಸೋಮ್‌ನ ಪರೀಕ್ಷೆಯಲ್ಲಿ 12 ಮಾರ್ಕರ್‌ಗಳಿಗೆ (ಗುರುತಿನ ಜಾಗಗಳಿಗೆ) 12ರಲ್ಲೂ ಹೊಂದಿತು. ಇನ್ನು ವಾದವೇಕೆ?

ಸಂಪಾದಕರ ಉತ್ತರ: ಸರಿಯಾದ ಪರೀಕ್ಷೆಯನ್ನೇ ಹಿಡಿದಿದ್ದೀರಿ, ಸಂತೋಷ. ಕೊನೆಯ ಪ್ರಶ್ನೆ ಮಾತ್ರ ಅವಸರದ್ದು.

ಸಾಮಾನ್ಯ ಪರೀಕ್ಷೆ ನೋಡುವ ಆಟೋಸೋಮಲ್ ಮಾರ್ಕರ್‌ಗಳನ್ನು, ಅಂದರೆ ಎಕ್ಸ್, ವೈ ಬಿಟ್ಟು ಉಳಿದ ಕ್ರೋಮೋಸೋಮ್‌ಗಳಲ್ಲಿರುವುದನ್ನು, ಹಳಿಯುವುದಿಲ್ಲ. ತಂದೆ, ಮಗು ಇಬ್ಬರೂ ಇದ್ದರೆ ಅವು ಸಾಕು. ಮಲಸಹೋದರಿಯರ ವಿಷಯದಲ್ಲಿ ಅವು ತಡವರಿಸುತ್ತವೆ, ಏಕೆಂದರೆ ತಂದೆಯ ಎರಡು ಆಲೀಲ್‌ಗಳಲ್ಲಿ (ಒಂದೇ ಮಾರ್ಕರ್‌ನ ಎರಡು ರೂಪಗಳಲ್ಲಿ) ಇಬ್ಬರಿಗೂ ಒಂದೇ ಬರುವುದು ಅರ್ಧಕ್ಕರ್ಧ ಸಾಧ್ಯತೆ. ಎಕ್ಸ್ ಹಾಗಲ್ಲ. ಗಂಡಸಿಗಿರುವುದು ಒಂದೇ ಎಕ್ಸ್. ತುದಿಯ ಚಿಕ್ಕ ಭಾಗ ಬಿಟ್ಟರೆ ಅದು ಇಡಿಯಾಗಿ ಪ್ರತಿ ಮಗಳಿಗೂ ಹೋಗುತ್ತದೆ.

ತಾಯಂದಿರ ಮಾದರಿ ತೆಗೆದುಕೊಂಡಿದ್ದಾರೆಯೇ? ಡಿಎಕ್ಸ್‌ಎಸ್10135 ಎಂಬ ಎಕ್ಸ್ ಮಾರ್ಕರ್‌ನಲ್ಲಿ ಅಕ್ಕನ ಆಲೀಲ್‌ಗಳು 21, 27. ಅವಳ ತಾಯಿಗೆ 21, 24 ಎಂದುಕೊಳ್ಳಿ. 21 ತಾಯಿಯದು, ಉಳಿದ 27 ತಂದೆಯದು. ತಂಗಿಯಲ್ಲಿ ಅವಳ ತಾಯಿಯ ಪಾಲು ಕಳೆದರೂ 27 ಉಳಿಯಬೇಕು. ತಾಯಂದಿರಿಲ್ಲದಿದ್ದರೆ ‘ಒಂದಾದರೂ ಆಲೀಲ್ ಸಮಾನ’ ಎಂದಷ್ಟೇ ನೋಡಲು ಸಾಧ್ಯ. ಅದು ಆಕಸ್ಮಿಕವಾಗಿಯೂ ಆದೀತು. ಒಂದೇ ಕಡೆ ತಪ್ಪಿದರೆ ಸಂಬಂಧವನ್ನು ತಳ್ಳಿಹಾಕುವಂತಿಲ್ಲ. ಮ್ಯುಟೇಶನ್ (ಡಿಎನ್‌ಎಯಲ್ಲಾಗುವ ಬದಲಾವಣೆ) ಆಗಿರಬಹುದು, ಇಲ್ಲವೇ ಪ್ರೈಮರ್ (ಮಾರ್ಕರ್ ಹಿಡಿಯುವ ಚಿಕ್ಕ ಡಿಎನ್‌ಎ ತುಣುಕು) ಕೂರುವ ಜಾಗ ಬದಲಾಗಿ ಒಂದು ಆಲೀಲ್ ಕಾಣದೇ ಹೋಗಿರಬಹುದು. ಬೇರೆ ಪ್ರೈಮರ್‌ನಿಂದ ಮತ್ತೆ ಮಾಡಿಸಬೇಕು.

ಇನ್ನು ನಿಮ್ಮ 12. 12 ಎಕ್ಸ್ ಮಾರ್ಕರ್‌ಗಳನ್ನು ನೋಡುವ ಆರ್ಗಸ್ ಎಕ್ಸ್-12 ಎಂಬ ಪರೀಕ್ಷಾ ಕಿಟ್‌ನಲ್ಲಿ ಅವು ಮೂರು ಮೂರರಂತೆ 4 ಗುಂಪು. ಗುಂಪಿನ ಮೂರೂ ಹತ್ತಿರ ಹತ್ತಿರ ಇರುವುದರಿಂದ ಬಹುತೇಕ ಒಟ್ಟಿಗೇ ಸಾಗುತ್ತವೆ. ಪ್ರತಿ ಮಾರ್ಕರ್‌ನ ಆವರ್ತನವನ್ನು (ಆ ಆಲೀಲ್ ಜನರಲ್ಲಿ ಎಷ್ಟು ಸಾಮಾನ್ಯ ಎಂಬುದನ್ನು) ಬಿಡಿಬಿಡಿಯಾಗಿ ಗುಣಿಸಿದರೆ ಪುರಾವೆಗೆ ಇಲ್ಲದ ಬಲ ಬರುತ್ತದೆ. ಗುಂಪಿಗೊಂದು ಹ್ಯಾಪ್ಲೋಟೈಪ್ (ಮೂರೂ ಆಲೀಲ್‌ಗಳ ಒಟ್ಟು ಜೋಡಣೆಯ) ಆವರ್ತನ ಬೇಕು, ಅದೂ ಸಂಬಂಧಪಟ್ಟ ಜನಸಮುದಾಯದ್ದು. ಇವರ ತಂದೆಯರು ಅಣ್ಣತಮ್ಮಂದಿರಾಗಿದ್ದರೆ? ಇಬ್ಬರಿಗೂ ಎಕ್ಸ್ ಬಂದಿದ್ದು ಒಬ್ಬ ತಾಯಿಯಿಂದ. ನಾಲ್ಕೂ ಗುಂಪು ಒಂದೇ ಆಗುವ ಸಾಧ್ಯತೆ 16ಕ್ಕೆ 1 ಅಥವಾ ತುಸು ಹೆಚ್ಚು. ಹುಡುಗಿಯ ತಂದೆ ಒಬ್ಬ ಗಂಡಸೋ ಅವನ ಮಗನೋ ಎಂಬ ಅನುಮಾನವಿದ್ದರೆ ಎಕ್ಸ್‌ನಷ್ಟು ಒಳ್ಳೆಯ ಸಾಕ್ಷಿ ಇಲ್ಲ: ಅಪ್ಪನ ಎಕ್ಸ್ ಮಗನಿಗೆ ಹೋಗುವುದೇ ಇಲ್ಲ.

ನಮಗೆ ಸಿಟ್ಟು ಬರುವುದು ‘ಹೊಂದಿಕೆಯಾಗಿದೆ’ ಎಂಬ ಒಂದೇ ಸಾಲಿನ ವರದಿಗಳ ಮೇಲೆ. ಯಾವ ಆವರ್ತನ, ಯಾವುದಕ್ಕೆ ಎದುರಾಗಿ ಯಾವ ಸಾಧ್ಯತೆ, ಏನೂ ಇರುವುದಿಲ್ಲ. ‘ತಂದೆ ಇಲ್ಲ, ಪರೀಕ್ಷೆ ಆಗದು’ ಎಂದು ಕೈತೊಳೆದುಕೊಳ್ಳುವವರು ಇನ್ನೂ ಕೆಟ್ಟವರು. ತಂದೆಯ ತಾಯಿ ಬದುಕಿದ್ದರೆ, ಮ್ಯುಟೇಶನ್ ಬಿಟ್ಟರೆ, ಮೊಮ್ಮಗಳ ಪ್ರತಿ ಎಕ್ಸ್ ಮಾರ್ಕರ್‌ನಲ್ಲೂ ಅಜ್ಜಿಯ ಒಂದು ಆಲೀಲ್ ಇರಲೇಬೇಕು.

ನಿಮ್ಮ ವರದಿಯಲ್ಲಿ ಲೈಕ್ಲಿಹುಡ್ ರೇಶಿಯೊ (ಒಂದು ಊಹೆ ನಿಜವಾದರೆ ಈ ಫಲಿತಾಂಶ ಬರುವ ಸಾಧ್ಯತೆ, ಇನ್ನೊಂದು ಊಹೆಗಿಂತ ಎಷ್ಟು ಪಟ್ಟು ಎಂಬ ಅಂಕಿ) ಇದೆಯೇ ನೋಡಿ. ಇಲ್ಲದಿದ್ದರೆ ತಾಯಂದಿರಿಬ್ಬರ ಮಾದರಿ ಕೊಟ್ಟು, ‘ತಂದೆ ಒಬ್ಬರೇ’ ಎಂಬುದಕ್ಕೆ ಎದುರಾಗಿ ‘ಸಂಬಂಧವೇ ಇಲ್ಲ’, ‘ತಂದೆಯರು ಅಣ್ಣತಮ್ಮಂದಿರು’ ಎಂಬ ಎರಡೂ ಲೆಕ್ಕಗಳನ್ನು ಲಿಖಿತವಾಗಿ ಕೇಳಿ.